ಹೊದರಿನವರು ಅಳುವ ಮೊದಲು

ಕಳೆದ ವಾರ ಸಾಗರದಿಂದ ಹೊಸನಗರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಬಂದು ಕೂತ ಹೆಂಗಸಿನಿಂದ ಒಂದು ವಾಸನೆ ಬಂತು. ಔಷಧಿಯೂ ಅಲ್ಲದ, ಸೀಮೆಎಣ್ಣೆಯೂ ಅಲ್ಲದ ಜಿಡ್ಡು ವಾಸನೆ. ನೀವು ನಮ್ಮ ಕಡೆಯವರಾದರೆ ತಕ್ಷಣ ಗುರುತು ಹಿಡಿಯುತ್ತೀರಿ. ಚಳಿ ಮುಗಿದು ಮಂಗನ ಕಾಯಿಲೆಯ ಸುದ್ದಿ ಏಳುವ ಹೊತ್ತಿಗೆ, ಕಾಡಿಗೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳಲಿ ಎಂದು ಆಶಾ ಕಾರ್ಯಕರ್ತೆಯರು ಊರೂರಿಗೆ ಹಂಚುವ ಎಣ್ಣೆ ಅದು. ಕಾಯಿಲೆ ಬಂದು ಸತ್ತ ಮಂಗನ ಮೈಯಿಂದ ರಕ್ತ ಹೀರುವ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಅವು ಕಚ್ಚಿದರೆ ಅದೇ ಜ್ವರ ಮನುಷ್ಯರಿಗೆ. ಎಣ್ಣೆ ಇದ್ದರೆ ಹತ್ತುವುದು ಕಡಿಮೆ.

ನಾನು ಎದ್ದು ಕಿಟಕಿ ಸರಿಸಿದೆ.

"ವಾಸನೆ ಅಲ್ದ? ಎಂತ ಮಾಡದು ತಮ್ಮ, ಸೆಂಟು ಹಾಕ್ಕಂಡು ಹೋದ್ರೆ ಉಣುಗು ಬಿಡ್ತದಾ?" ಎಂದು ಆಕೆ ನಕ್ಕರು. ನಾನೂ ನಕ್ಕೆ. ಆದರೆ ಆ ಹೊತ್ತಿಗೆ ನನ್ನ ಮನಸ್ಸು ನಿಟ್ಟೂರಿನ ಕಾಡುದಾರಿಗೆ ಹೋಗಿ, ದಾಕ್ಷಕ್ಕನ ಹಿಂದೆ ನಡೆಯತೊಡಗಿತ್ತು.

ದಾಕ್ಷಕ್ಕ ನನ್ನ ದೊಡ್ಡಪ್ಪನ ಮಗಳು. ನಾನು ಒಂದನೇ ಕ್ಲಾಸಿಗೆ ಸೇರಿದಾಗ ಅವಳು ಹೈಸ್ಕೂಲಿನಲ್ಲಿದ್ದಳು. ನಮ್ಮ ಮನೆಯಿಂದ ನಿಟ್ಟೂರಿನ ಶಾಲೆಗೆ ಕಾಡಿನ ನಡುವೆಯೇ ದಾರಿ. ನಾನು ಮಹಾ ಪುಕ್ಕಲ. ಎಲೆ ಅಲುಗಿದರೆ ನಿಂತುಬಿಡುತ್ತಿದ್ದೆ. ಒಂದು ದಿನ ಎಳೆದು ಎಳೆದು ಸಾಕಾಗಿ ಅವಳು ಹೇಳಿದಳು: "ಹೆದರದು ಯಾಕಾ? ಇದು ಹೊದರಿನವರ ಜಾಗ. ಅವ್ರು ನಮ್ಮ ನೆಂಟರೇ ಆಗ್ಬೇಕು."

ಹೀಗೆ ಹುಟ್ಟಿದರು ಹೊದರಿನವರು. ಹೊದರು, ಅಂದರೆ ದಟ್ಟ ಪೊದೆ, ಅದರೊಳಗೆ ಅವರ ಮನೆ. ಮೈಬಣ್ಣ ಮತ್ತಿಮರದ ತೊಗಟೆಯದು. ಮನುಷ್ಯರು ಬಂದರೆ ಕೈಯೆತ್ತಿ ಮರದಂತೆ ನಿಂತುಬಿಡುತ್ತಾರೆ, ಅದಕ್ಕೇ ಯಾರಿಗೂ ಕಂಡಿಲ್ಲ. ಕಾಡಿಗೆ ಕಾಲಿಡುವಾಗ ಏನು ತೆಗೆದುಕೊಂಡು ಹೋಗುತ್ತೇವೆಂದು ಅವರಿಗೆ ಗಟ್ಟಿಯಾಗಿ ಹೇಳಬೇಕು. ಹೇಳಿದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ದಾರಿ ತಪ್ಪುತ್ತದೆ. ಅವರಲ್ಲಿ ಮದುವೆಯಾಗಬೇಕಾದ ಗಂಡು ಹೆಣ್ಣು ಒಂದಿಡೀ ಹಗಲು ಎದುರುಬದುರು ಮಾತಿಲ್ಲದೆ ಕೂರಬೇಕು. ಬೇಜಾರಾದರೆ ಮದುವೆ ಇಲ್ಲ. "ನಿಂಗೆ ಅಲ್ಲಿ ಹೆಣ್ಣು ಸಿಕ್ಕದಿಲ್ಲ ಬಿಡು" ಎಂದಿದ್ದಳು. ಇಲ್ಲಿಯೂ ಇನ್ನೂ ಸಿಕ್ಕಿಲ್ಲ.

ನನಗೆ ಆಗಲೇ ಎಲ್ಲದಕ್ಕೂ ಲೆಕ್ಕ ಬೇಕಿತ್ತು. ಈಗ ಸಾಗರದ ಬಳಿಯ ಒಂದು ವಿದ್ಯುತ್ ಸಬ್‌ಸ್ಟೇಷನ್ನಿನಲ್ಲಿ ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಬರೆಯುವುದೇ ನನ್ನ ಸಂಬಳದ ಕೆಲಸ. ರೂಮಿಗೆ ಬಂದು ದಿನಚರಿಯಲ್ಲಿ ಬಸ್ಸು ಎಷ್ಟು ತಡವಾಯಿತೆಂದು ಬರೆಯುವುದು ಸಂಬಳವಿಲ್ಲದ ಕೆಲಸ. ಹಾಗಾಗಿ ನಾನು ಕೇಳಿದ ಮೊದಲ ಪ್ರಶ್ನೆಯೇ, "ಒಟ್ಟು ಎಷ್ಟು ಜನ ಇದಾರೆ?"

"ಅವ್ರು ಎಣಿಸದಿಲ್ಲ. ಎಣಿಸಿದ್ದು ಕಮ್ಮಿ ಆಗ್ತದೆ."

"ಮತ್ತೆ ಒಬ್ರು ಸತ್ರೆ ಹೆಂಗೆ ಗೊತ್ತಾಗ್ತದೆ?"

ಅವಳು ಜಡೆಯ ತುದಿ ಕಚ್ಚಿಕೊಂಡಳು. ಕಥೆ ಕಟ್ಟುವಾಗ ಅವಳು ನಡೆಯುತ್ತಿದ್ದದ್ದೇ ಹಾಗೆ. "ಅವ್ರು ಮಾಡ್ತಿದ್ದ ಕೆಲ್ಸ ಅರ್ಧಕ್ಕೆ ನಿಂತಿರ್ತದಲ್ಲ, ಆವಾಗ ಗೊತ್ತಾಗ್ತದೆ" ಎಂದಳು. ಅಲ್ಲಿಂದ ಬಂತು ಅವರ ಸಾವಿನ ಪದ್ಧತಿ. ಸತ್ತವರು ಬಿಟ್ಟುಹೋದ ಕೆಲಸವನ್ನು ಉಳಿದವರು ಮುಗಿಸಬೇಕು. ಮುಗಿಯುವ ತನಕ ಯಾರೂ ಅಳುವ ಹಾಗಿಲ್ಲ. ಅತ್ತರೆ, ದೂರ ಹೋಗುತ್ತಿರುವವರಿಗೆ ಅದು ಕೇಳಿ, ಅಯ್ಯೋ ಕೆಲಸ ಬಾಕಿ ಇದೆ ಎಂದು ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ. ಬಂದರೆ ಇಲ್ಲಿಗೂ ಸೇರುವುದಿಲ್ಲ, ಅಲ್ಲಿಗೂ ಸೇರುವುದಿಲ್ಲ.

ಇನ್ನೊಂದು ಪದ್ಧತಿ. ಕಾಡಿನಲ್ಲಿ ಸತ್ತು ಬಿದ್ದ ಜೀವವನ್ನು ಬರಿಮೈಯಲ್ಲಿ ಬಿಡಬಾರದು. ಎಲೆ ಹೊದೆಸಿ ಹೋಗಬೇಕು. ನಾವಿಬ್ಬರೂ ಎಷ್ಟೋ ಅಳಿಲು, ಹಕ್ಕಿಗಳಿಗೆ ಸಾಗವಾನಿಯ ಎಲೆ ಹೊದೆಸಿದ್ದೇವೆ. ಹಕ್ಕಿ ಮುಚ್ಚಲು ಒಂದು ಎಲೆ ಸಾಕು ಎಂದು ನಾನು, ಎರಡು ಬೇಕು ಎಂದು ಅವಳು. ಇದಕ್ಕೂ ಜಗಳ.

ದಾಕ್ಷಕ್ಕ ಮದುವೆಯಾಗಿ ಹೋದದ್ದು ನಿಟ್ಟೂರಿನಿಂದ ಸ್ವಲ್ಪ ಆಚೆಗೆ. ಅಲ್ಲಿಯೂ ಮನೆ ಹಿಂದೆಯೇ ಕಾಡು. ಭಾವ ತೀರ್ಥಹಳ್ಳಿಗೆ ಗೂಡ್ಸ್ ಗಾಡಿ ಓಡಿಸುತ್ತಾರೆ, ಮನೆಯಲ್ಲಿರುವುದೇ ಕಡಿಮೆ. ಮಗಳು ಸಿಂಚನಾ ಮಾತು ಕಲಿತದ್ದೇ ತಡ, ಹೊದರಿನವರೆಲ್ಲ ಅವಳಿಗೂ ನೆಂಟರಾದರು. ನಾನು ಹೋದಾಗ ಆ ಮಗು ನನ್ನ ಪರೀಕ್ಷೆ ಮಾಡುತ್ತಿತ್ತು: "ಮಾವ, ಹೊದರಿನವ್ರು ಮುನಿಸಿಕೊಂಡ್ರೆ ಎಂತ ಮಾಡ್ತಾರೆ?" ನನಗೆ ಮರೆತಿರುತ್ತಿತ್ತು. ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು.

ಈಗ್ಗೆ ಎರಡು ಬೇಸಿಗೆಯ ಹಿಂದೆ, ಒಂದು ಭಾನುವಾರ, ಅವರಿಬ್ಬರೂ ದರಗು ತರಲು ಕಾಡಿಗೆ ಹೋದರು. ದರಗು ಎಂದರೆ ಉದುರಿದ ಒಣಎಲೆ. ಗುಡಿಸಿ ಹೆಡಿಗೆಗೆ ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ಅಲ್ಲೇ ಹತ್ತಿರ ಮಂಗ ಸತ್ತು ಬಿದ್ದಿತ್ತು. ಮುಂದಿನದನ್ನು ನನಗೆ ಹೇಳಿದ್ದು ದೊಡ್ಡಮ್ಮ, ದಾಕ್ಷಕ್ಕನ ತಾಯಿ. ಅವರಿಗೆ ದಾಕ್ಷಕ್ಕನೇ ಜ್ವರದಲ್ಲಿ ಹೇಳಿದ್ದಳು. "ಬರಿಮೈಯಲ್ಲಿ ಬಿದ್ದಿತ್ತಮ್ಮ. ಮಗಳು ನನ್ನೇ ನೋಡ್ತಾ ನಿಂತಿತ್ತು." ಮಗಳನ್ನು ದೂರ, ರಸ್ತೆಯ ಹತ್ತಿರ ಕಳಿಸಿದಳಂತೆ. ತಾನೊಬ್ಬಳೇ ಹೋಗಿ, ಗುಡಿಸಿದ್ದ ದರಗನ್ನೇ ಬೊಗಸೆಯಲ್ಲಿ ತಂದು ಅದರ ಮೇಲೆ ಹೊದೆಸಿದಳಂತೆ. ಆಮೇಲೆ ಹೆದರಿಕೆಯಾಗಿ ಹೆಡಿಗೆಯನ್ನು ಅಲ್ಲೇ ಬಿಟ್ಟು ಬಂದಳು. ಎಣ್ಣೆಯ ಬಾಟಲಿ ಮನೆಯ ಗೂಡಿನಲ್ಲಿ, ಮುಚ್ಚಳ ತೆಗೆಯದೆ ಇತ್ತು.

ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸತ್ತ ಮಂಗನ ಹತ್ತಿರ ಹೋಗಬೇಡಿ ಎಂಬ ಕಾಗದ ಅವಳ ಮನೆಯ ಕಂಬಕ್ಕೇ ಅಂಟಿತ್ತು. ಗೊತ್ತಿದ್ದೂ ಯಾಕೆ ಹೋದಳು ಎಂದು ನಾನು ಎಷ್ಟೋ ದಿನ ಅವಳ ಮೇಲೆ ಸಿಟ್ಟಿನಲ್ಲಿದ್ದೆ. ಸತ್ತವರ ಮೇಲಿನ ಸಿಟ್ಟನ್ನು ಎಲ್ಲಿ ಇಡಬೇಕೆಂದು ಗೊತ್ತಾಗುವುದಿಲ್ಲ ನೋಡಿ. ಮಗಳಿಗೆ ವರ್ಷಗಟ್ಟಲೆ ಹೇಳಿಕೊಟ್ಟ ಪದ್ಧತಿಯನ್ನು ಮಗಳ ಕಣ್ಣೆದುರೇ ಮುರಿಯಲು ಅವಳಿಂದ ಆಗಲಿಲ್ಲ. ಅಷ್ಟೇ.

ಜ್ವರ ಬಂತು, ಇಳಿಯಿತು. ಗಂಜಿ ಕುಡಿದಳು, ಎದ್ದು ಕೂತಳು. ಎಲ್ಲರೂ ಉಸಿರುಬಿಟ್ಟೆವು. ಆಮೇಲೆ ಮತ್ತೆ ಬಂದ ಜ್ವರ ತಲೆಗೇರಿತು. ಹೊಸನಗರದಲ್ಲಿ ತೋರಿಸಿ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಯಾರ ಗುರುತೂ ಸಿಗದೆ ತೀರಿಕೊಂಡಳು. ಆ ದಿನದ ನನ್ನ ದಿನಚರಿಯ ಪುಟದಲ್ಲಿ ಬಸ್ಸು ಹೊರಟ ಸಮಯವಿದೆ, ತಲುಪಿದ ಸಮಯವಿದೆ. ಅವಳ ಹೆಸರಿಲ್ಲ.

ಸಿಂಚನಾ ಅಳಲಿಲ್ಲ. ಹೆಣ ಬಂದಾಗಲೂ ಇಲ್ಲ, ಎತ್ತಿದಾಗಲೂ ಇಲ್ಲ. ಮಾರನೇ ದಿನ ಮೂಲೆಯಲ್ಲಿ ಕೂತು, ತಾಯಿ ಅರ್ಧ ಕುಟ್ಟಿಟ್ಟಿದ್ದ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಆಮೇಲೆ ಲಂಗದ ಅಂಚಿಗೆ ಉಳಿದಿದ್ದ ಹೊಲಿಗೆ ಹಾಕಿದಳು, ಸೊಟ್ಟಸೊಟ್ಟ. "ಎಂಥ ಕಲ್ಲು ಮನಸಾ ಈ ಹುಡುಗೀದು" ಎಂದು ಬಂದ ಹೆಂಗಸರು ಪಿಸುಗುಟ್ಟಿದರು. ಅವಳೇನು ಮಾಡುತ್ತಿದ್ದಾಳೆಂದು ಆ ಮನೆಯಲ್ಲಿ ನನಗೊಬ್ಬನಿಗೇ ತಿಳಿದಿತ್ತು. ನನಗೂ ಅಳು ಬಂದಿರಲಿಲ್ಲ. ಅದನ್ನು ನಾನು ಗಟ್ಟಿತನ ಎಂದುಕೊಂಡಿದ್ದೆ.

ಸಂಜೆ ನನ್ನ ಹತ್ತಿರ ಬಂದಳು. "ಮಾವ, ದರಗಿನ ಹೆಡಿಗೆ ಕಾಡಲ್ಲೇ ಉಳಿದದೆ."

ಅವಳನ್ನು ಕೂರಿಸಿಕೊಂಡು, ಆದಷ್ಟು ಮೆತ್ತಗೆ, ಹೊದರಿನವರು ಎಲ್ಲೂ ಇಲ್ಲ, ಅವರನ್ನು ನಿನ್ನಮ್ಮ ನನಗಾಗಿ ಕಟ್ಟಿದ್ದು ಎಂದೆ.

"ಗೊತ್ತು. ಅಮ್ಮನೇ ಹೇಳಿದಾಳೆ. ಅವ್ರು ಇಲ್ದಿದ್ರೆ ಎಂತಾತು, ಪದ್ಧತಿ ಇದೆಯಲ್ಲ?"

ಮಳೆಗಾಲ ಬಂದು ಉಣುಗೆಲ್ಲ ಹೋದಮೇಲೆ ನಾನೇ ತಂದುಕೊಡುತ್ತೇನೆ, ಅಲ್ಲಿಯವರೆಗೆ ಕಾಡಿಗೆ ಕಾಲಿಡಬೇಡ ಎಂದು ಆಣೆ ಹಾಕಿಸಿಕೊಂಡೆ. ಆದರೂ ಆ ಬೇಸಿಗೆ ಪೂರ್ತಿ, ಸಾಗರದಲ್ಲಿ ಮೀಟರಿನ ಮುಂದೆ ನಿಂತಾಗಲೆಲ್ಲ, ಈ ಹೊತ್ತಿಗೆ ಅವಳು ಹಿತ್ತಿಲು ದಾಟಿರಬಹುದೇ ಎಂದು ಹೆದರುತ್ತಿದ್ದೆ. ದಿನಾ ಫೋನ್ ಮಾಡುತ್ತಿದ್ದೆ. ಸಿಂಚನಾಳನ್ನು ನೋಡಿಕೊಳ್ಳಲು ಅಲ್ಲೇ ಉಳಿದಿದ್ದ ದೊಡ್ಡಮ್ಮ ತೆಗೆದು, "ಇಲ್ಲೇ ಇದಾಳಾ ಮಾರಾಯ, ಹೋಂವರ್ಕ್ ಮಾಡ್ತಿದಾಳೆ" ಎನ್ನುತ್ತಿದ್ದರು.

ಮಳೆ ಬಿದ್ದ ಮೇಲೆ ಹೋದೆ. ದರಗು ಕೊಳೆತು ಮಣ್ಣಾಗಿತ್ತು. ಹೆಡಿಗೆಯ ಒಂದು ಮಗ್ಗುಲು ಗೆದ್ದಲು ತಿಂದಿತ್ತು. ಮಂಗನ ಗುರುತೂ ಇರಲಿಲ್ಲ. ಹೆಡಿಗೆ ತಂದು ಕೊಟ್ಟೆ. ಅವಳು ತೊಳೆದು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು. ಈಗ ಅಳುತ್ತಾಳೆ ಎಂದು ನಾನೂ ದೊಡ್ಡಮ್ಮನೂ ಕಾದೆವು. "ಇನ್ನೊಂದು ಬಾಕಿ ಅದೆ" ಎಂದು ಒಳಗೆ ಹೋದಳು. ಏನೆಂದು ಎಷ್ಟು ಕೇಳಿದರೂ ಹೇಳಲಿಲ್ಲ.

ಕಳೆದ ವಾರದ ಬಸ್ಸು ನನ್ನನ್ನು ಇಳಿಸಿದ್ದು ಆ ಮನೆಯ ದಾರಿಯಲ್ಲೇ. ಜಗಲಿಯಲ್ಲಿ ಸಿಂಚನಾ, ಪಕ್ಕದ ಮನೆಯ ಪುಟ್ಟ ಹುಡುಗಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಚ್ಚುತ್ತಿದ್ದಳು. ಪುಟ್ಟಿ ಮೂಗು ಮುಚ್ಚಿಕೊಂಡಿದ್ದಳು.

"ಹೊದರಿನವ್ರೂ ಇದ್ನೇ ಹಚ್ಕತಾರಾ?"

"ಹೂಂ. ಹಚ್ಕಳ್ದೆ ಮನೆಯಿಂದ ಹೊರಗೆ ಕಾಲಿಡದಿಲ್ಲ."

"ಮಂಗ ಸತ್ತಿದ್ರೆ ಎಲೆ ಮುಚ್ತಾರೆ, ಅಲ್ದ?"

"ಇಲ್ಲ. ಹತ್ರನೇ ಹೋಗಲ್ಲ. ದೂರದಿಂದ ಕೈ ಮುಗೀತಾರೆ. ಆಮೇಲೆ ಬಂದು ಆಶಾ ಅಕ್ಕಂಗೆ ಫೋನ್ ಮಾಡ್ತಾರೆ."

"ಅವ್ರ ಹತ್ರ ಫೋನದೆಯಾ?"

"ಅದೆ. ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಬೇಕು."

"ಮೊನ್ನೆ ಮುಚ್ತಾರೆ ಅಂದಿದ್ಯಲೇ."

ಸಿಂಚನಾಳ ಕೈ ನಿಂತಿತು. "ಮೊದ್ಲು ಮುಚ್ತಿದ್ರು" ಎಂದಳು. "ಒಬ್ಳು ಮುಚ್ಚಕ್ಕೆ ಹೋಗಿ ಸತ್ತೋದ್ಲು. ಮಗಳು ನೋಡ್ತಿದ್ಲು ಅಂತ ಹೋಗಿದ್ದು. ಅವತ್ತಿಂದ ಬಿಟ್ರು."

ಅವಳಿಗೆ ಗೊತ್ತಾಗಬಾರದೆಂದು ನಾವೆಲ್ಲ ಎರಡು ವರ್ಷ ಬಾಯಿ ಹೊಲಿದುಕೊಂಡಿದ್ದ ಮಾತು ಅದು.

ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. "ಇದೊಂದು ಬಾಕಿ ಇತ್ತು, ಮಾವ. ಅಮ್ಮ ಇದ್ದಿದ್ರೆ ಈ ಪದ್ಧತಿನ ಅವ್ಳೇ ತಿದ್ತಿದ್ಲು."

ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿಮಾಡಿದಳು. ಎದ್ದು ಬಂದು ನನ್ನ ಅಂಗಿಗೆ ಮುಖ ಒತ್ತಿ, ಎಣ್ಣೆಕೈಯಲ್ಲೇ ಬೆನ್ನು ತಬ್ಬಿ, ಅಳತೊಡಗಿದಳು. ದೊಡ್ಡಮ್ಮ ಒಳಗಿನಿಂದ ಓಡಿ ಬಂದರು. ಪುಟ್ಟಿ ಗಾಬರಿಯಾಗಿ, "ಎಂತಾತು, ಎಂತಾತು" ಎಂದು ನನ್ನ ಪ್ಯಾಂಟು ಜಗ್ಗಿದಳು. ಏನಿಲ್ಲ, ಕೆಲಸ ಮುಗೀತು ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನಾನೇ ಅಳುತ್ತಿದ್ದೆ.

ಸಂಜೆಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಮೂಗು ಮುರಿದು, ಎಣ್ಣೆ ಹತ್ತಿದ ನನ್ನ ಅಂಗಿಯನ್ನೂ ಮುಚ್ಚಿದ್ದ ಕಿಟಕಿಯನ್ನೂ ಒಮ್ಮೆ ನೋಡಿದರು. ನಾನು ಕಿಟಕಿ ಸರಿಸಲಿಲ್ಲ.