ಪಟಾಕಿ ಹಚ್ಚದ ಊರು

ದೆವ್ವ, ಗಾಳಿ, ಶಕುನ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಕನಿಕರಕ್ಕಿಂತ ಸಿಟ್ಟೇ ಹೆಚ್ಚು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಥವರ ಬಾಯಿ ಮುಚ್ಚಿಸಿಯೇ ಬಹುಮಾನ ಹೊಡೆದವನು ನಾನು. ಸಾಕ್ಷಿ ಎಲ್ಲಿ ಎಂಬುದು ನನ್ನ ಮೊದಲ ಪ್ರಶ್ನೆ. ಈಗ ನೀವು ಅದನ್ನೇ ನನ್ನನ್ನು ಕೇಳಿದರೆ ತೋರಿಸಲು ಚಿಕ್ಕಪ್ಪನೊಬ್ಬನಿದ್ದಾನೆ. ಅವನು ಬಾಯಿ ಬಿಡುವುದಿಲ್ಲ.

ಕೆಂಪಾಪುರದ ಆಚೆ ನಮ್ಮೂರು. ಕೆರೆ ಏರಿಯ ಪಕ್ಕ ಆಲದ ತೋಪು, ಅದರ ತುಂಬ ತೊಗಲು ಬಾವಲಿಗಳು. ಅವು ಬೆದರಿ ಎದ್ದುಹೋದರೆ ಊರಿಗೆ ಕೇಡೆಂದು ನಮ್ಮಲ್ಲಿ ದೀಪಾವಳಿಗೆ ಯಾರೂ ಪಟಾಕಿ ಹಚ್ಚುತ್ತಿರಲಿಲ್ಲ. ಹೆಬ್ಬಾಳದ ಕಡೆಯಿಂದ ಬರುವ ಸದ್ದು ಕೇಳಿಕೊಂಡೇ ನಾವು ಹಬ್ಬ ಮುಗಿಸಬೇಕು. ಶುದ್ಧ ಮೌಢ್ಯ ಎಂದು ಹುಡುಗನಾಗಿದ್ದಾಗಲೇ ನಾನು ತೀರ್ಪು ಕೊಟ್ಟಿದ್ದೆ.

ಊರಿನವರು ರಾಗಿ ಬಿಟ್ಟು ದ್ರಾಕ್ಷಿ ಹಾಕಿದ ಮೇಲೆ ಮಾತು ಬದಲಾಯಿತು. ಹಗಲೆಲ್ಲ ತೋಪಿನಲ್ಲಿ ತೂಗಾಡುತ್ತಿದ್ದ ಬಾವಲಿಗಳು ಕತ್ತಲಾದರೆ ಚಪ್ಪರಕ್ಕೆ ಇಳಿಯುತ್ತಿದ್ದವು. ಡಬ್ಬ ಬಡಿದರೂ ಜಗ್ಗಲಿಲ್ಲ. ಚಿಕ್ಕಪ್ಪನ ತೋಟಕ್ಕೇ ಹೆಚ್ಚು ಪೆಟ್ಟು. ಅವನ ಸಂಕಟ ಸುಳ್ಳಲ್ಲ. ಅರಳಿಕಟ್ಟೆಯಲ್ಲಿ ಹಿರಿಯರೆಲ್ಲ ಸೇರಿ, ಕೋವಿಯವರನ್ನು ಕರೆಸಿ ಹೊಡೆಸೋಣ ಎಂದರು. ಕಾನೂನೂ ಅವರ ಕಡೆಗೇ ಇತ್ತು. ಆಗ ಅದರ ಕಣ್ಣಿಗೆ ಬಾವಲಿಯೂ ಇಲಿಯೂ ಒಂದೇ.

ನಾನು ಎದ್ದು ನಿಂತು ವಾದಿಸಿದೆ. ಬಾವಲಿ ಎಷ್ಟಿರಬೇಕೆಂದು ಕೋವಿ ಯಾಕೆ ತೀರ್ಮಾನಿಸಬೇಕು? ಕೆರೆಯಂಗಳದ ಅತ್ತಿ, ನೇರಳೆ ಕಡಿದು ಚಪ್ಪರ ಹಾಕಿದವರು ನಾವು. ಅವುಗಳ ಊಟ ಕಿತ್ತುಕೊಂಡು, ಈಗ ಅವು ಹೆಚ್ಚಾದವು ಅನ್ನುತ್ತೀರಿ. ಆ ಮರಗಳನ್ನು ಮತ್ತೆ ನೆಡಿ, ಅಲ್ಲಿಯವರೆಗೆ ಚಪ್ಪರಕ್ಕೆ ಬಲೆ ಕಟ್ಟಿ.

"ಭಾಷಣ ಬೊಂಬಾಟಾಗೈತೆ ಮಗಾ," ಅಂದ ಚಿಕ್ಕಪ್ಪ. "ಬಲೆ ಯಾವ ಕಾಲೇಜ್ನಾಗೆ ಕೊಡ್ತಾರೆ?"

ಕಟ್ಟೆಯೆಲ್ಲ ನಕ್ಕಿತು. ನನ್ನ ಮುಖ ನೋಡಿ ಅವನೇ, "ಮರ ಮುಟ್ಟಾಕಿಲ್ಲ ಕಣ್ಲಾ. ಒಸಿ ಕಮ್ಮಿ ಮಾಡೋದಷ್ಟೆ," ಎಂದ.

ಕೋವಿಗೆ ಸಿಕ್ಕವು ಸತ್ತವು, ಉಳಿದವು ಎದ್ದುಹೋದವು. ಒಂದೂ ತಿರುಗಿ ಬರಲಿಲ್ಲ. ಬಾವಲಿಯೇ ಇಲ್ಲದ ಮೇಲೆ ತೋಪು ಯಾಕೆ ಎಂಬ ಪ್ರಶ್ನೆ ತಾನಾಗಿಯೇ ಬಂತು. ಮರ ಮುಟ್ಟುವುದಿಲ್ಲ ಎಂದವನು ಸುಮ್ಮನೆ ನಿಂತು ನೋಡಿದ. ಆಲದ ಮರಗಳು ಇಟ್ಟಿಗೆ ಗೂಡಿಗೆ ಸೌದೆಯಾದವು.

ಆ ವರ್ಷ ನರಕ ಚತುರ್ದಶಿಗೆ ನಮ್ಮೂರಿಗೆ ಮೊದಲ ಸಲ ಪಟಾಕಿ ಬಂತು. ಬೆಳಗಿನ ಜಾವ ಎಣ್ಣೆ ಸ್ನಾನ ಮುಗಿಸಿ ಚಿಕ್ಕಪ್ಪ ಸರಪಟಾಕಿ ಹಿಡಿದು ತೋಪಿದ್ದ ಬಯಲಿಗೆ ಹೊರಟ. ಜೊತೆಗೆ ನನ್ನನ್ನೂ ಕರೆದ. ಇವನ ಸಂಭ್ರಮ ನೋಡಿಯೇ ಬಿಡೋಣ ಎಂದು ಸಿಟ್ಟಿನಲ್ಲೇ ಹೋದೆ.

ಕಡಿದ ಬುಡಗಳ ನಡುವೆ ಸರ ಹಾಸಿ ಅವನು ಬತ್ತಿಗೆ ಊದುಬತ್ತಿ ತಾಗಿಸಲು ಬಗ್ಗಿದ. ಅಷ್ಟರಲ್ಲಿ ನನ್ನ ಕೈಮೇಲೆ ಏನೋ ಬಿತ್ತು. ಒದ್ದೆ, ಬೆಚ್ಚಗೆ. ಟಾರ್ಚ್ ಹಾಕಿ ನೋಡಿದೆ: ಅಗಿದು ಉಗುಳಿದ ದ್ರಾಕ್ಷಿ ಸಿಪ್ಪೆ. ಬಳ್ಳಿ ಸವರಿದ ಕಾಲ ಅದು, ಸುತ್ತಿನ ಯಾವ ತೋಟದಲ್ಲೂ ಒಂದು ಕಾಯಿ ಇರಲಿಲ್ಲ. ಟಾರ್ಚ್ ಮೇಲೆತ್ತಿದೆ. ಬರೀ ಆಕಾಶ. ಮತ್ತೆ ಬಿತ್ತು, ಆಮೇಲೆ ಪಟಪಟ ಬೀಳತೊಡಗಿತು. ಬಾವಲಿಗಳ ಹಳೆಯ ಘಾಟು ಮೂಗಿಗೆ ಹೊಡೆಯಿತು. ತಲೆಯ ಮೇಲೆ, ಕೊಂಬೆಗಳಿದ್ದ ಎತ್ತರದಲ್ಲೇ, ಜಾಗಕ್ಕಾಗಿ ಕಿತ್ತಾಡುವ ಆ ಕಿರುಚಾಟ. ಬುಡಗಳನ್ನು ದಾಟಿ ಹೊರಗೆ ಹೋಗಿ ನಿಂತೆ, ಏನೂ ಇಲ್ಲ. ಒಳಗೆ ಬಂದೆ; ಇದೆ.

ಚಿಕ್ಕಪ್ಪ ಕತ್ತೆತ್ತಲೇ ಇಲ್ಲ. ಹೆಗಲಿನ ಟವೆಲ್ ತೆಗೆದು ತಲೆಯ ಮೇಲೆ ಹಾಕಿಕೊಂಡ. ಆ ಮರಗಳ ಕೆಳಗೆ ಹಾದುಹೋಗುವಾಗ ಊರಿನವರೆಲ್ಲ ಮಾಡುತ್ತಿದ್ದುದು ಹಾಗೇ. ಆಮೇಲೆ ಊದುಬತ್ತಿಯನ್ನು ಕೆಳಗೆ ಹಾಕಿ ಬರಿಗಾಲಿನಲ್ಲೇ ಹೊಸಕಿದ.

"ನಡಿ ಮನೆಗೆ. ಯಾರ್ಗೂ ಏಳ್ಬ್ಯಾಡ," ಅಂದ.

ಬೆಳಕು ಹರಿದ ಮೇಲೆ ಹೋಗಿ ನೋಡಿದೆ. ನೆಲ ಒಣಗಿತ್ತು, ಸಿಪ್ಪೆ ಇರಲಿಲ್ಲ. ನನ್ನ ಸಿಟ್ಟೇ ಕಟ್ಟಿದ ಭ್ರಮೆ ಎನ್ನೋಣವೇ? ಹಾಗಾದರೆ ಅವನು ಟವೆಲ್ ಹೊದ್ದದ್ದು ಯಾಕೆ?

ಮುಂದಿನ ಹಬ್ಬಕ್ಕೆ ಪಟಾಕಿ ಬೇಡವೆಂದು ಊರನ್ನೆಲ್ಲ ಗದರಿದವನು ಚಿಕ್ಕಪ್ಪನೇ. ಕಾರಣ ಹೇಳಲಿಲ್ಲ. ಈಗಲೂ ನಮ್ಮಲ್ಲಿ ಯಾರೂ ಹಚ್ಚುವುದಿಲ್ಲ. ಪ್ರಾಣಿಗಳ ಮೇಲೆ ಎಂಥ ದಯೆ ಎಂದು ಹೊರಗಿನವರು ಹೊಗಳುತ್ತಾರೆ. ಬಾವಲಿ ಇಲ್ಲ, ಮರವಿಲ್ಲ. ಖರ್ಚಿಲ್ಲದ ಪದ್ಧತಿಯೊಂದನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ನಾನು ಇಂದಿಗೂ ಇಂಥದ್ದನ್ನು ನಂಬುವವನಲ್ಲ. ಆದರೆ ಆ ಬಯಲು ದಾಟುವಾಗ ಕರವಸ್ತ್ರ ತಲೆಗೇರಿರುತ್ತದೆ. ಯಾರಾದರೂ ಕೇಳಿದರೆ ಬಿಸಿಲು ಅನ್ನುತ್ತೇನೆ, ಮೋಡವಿದ್ದ ದಿನವೂ.