ಎಷ್ಟು ಮಾರಾಟವಾಗಿದೆ, ಹೇಳಿ

ನಮ್ಮ ಸಂಗೀತ ಪ್ರಶಸ್ತಿ ಸಮಿತಿಯ ಅಧ್ಯಕ್ಷರಿಗೆ ಹಾಡು ಕೇಳುವ ಮೊದಲೇ ತೀರ್ಪು ಗೊತ್ತಿರುತ್ತದೆ. ಬಿಸ್ಕತ್ತಿನ ತಟ್ಟೆಯನ್ನು ತಮ್ಮತ್ತ ಎಳೆದುಕೊಂಡು, "ಎಷ್ಟು ಮಾರಾಟವಾಗಿದೆ, ಅದನ್ನ ಹೇಳಿ" ಎನ್ನುತ್ತಾರೆ. ಹೆಚ್ಚು ಮಾರಿದ್ದೇ ಶ್ರೇಷ್ಠವಾದರೆ ಪ್ರತಿವರ್ಷ ಉಪ್ಪಿಗೇ ಪ್ರಶಸ್ತಿ ಕೊಡಬೇಕಿತ್ತು! ಈ ಸಲ ಹೊಸ ಗಾಯಕಿಯೊಬ್ಬಳ ಹಾಡು ಮುಗಿದಾಗ ಸದಸ್ಯರಾದ ನಾವೆಲ್ಲ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದೆವು. ಅಧ್ಯಕ್ಷರು ಮಾತ್ರ, "ಪಾಪ, ಚೆನ್ನಾಗಿದೆ. ಆದ್ರೆ ಯಾರು ಕೇಳಿದ್ದಾರೆ ಇದನ್ನ?" ಎಂದು ಪಕ್ಕಕ್ಕಿಟ್ಟರು. ಅಂಗಡಿ, ಬಸ್ಸುಗಳಲ್ಲೆಲ್ಲ ಕಿವಿ ಕೊರೆಯುತ್ತಿದ್ದ ಹಾಡೇ ಗೆದ್ದಿತು. ಸಿಟ್ಟು ತಡೆಯಲಾರದೆ ರಾಜೀನಾಮೆ ಕೊಡಲು ಅವರ ಮನೆಗೆ ಹೋದೆ. ಅಲ್ಲಿ ಅವರು ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಸೋತವಳ ಹಾಡನ್ನೇ ಒಂದು ಸ್ವರವೂ ತಪ್ಪದಂತೆ ಗುನುಗುತ್ತಿದ್ದರು. "ಗೆದ್ದ ಹಾಡು ಹಾಕಿದ್ರೆ ಮಗು ಕಿರುಚುತ್ತೆ ಕಣ್ರೀ" ಎಂದರು ಅವರ ಹೆಂಡತಿ. ಸಂಗೀತದ ಗಂಧಗಾಳಿ ಗೊತ್ತಿಲ್ಲದವರೆಂದು ಇಷ್ಟು ದಿನ ಅವರನ್ನು ಕ್ಷಮಿಸಿದ್ದೆ.