ಗೆರೆ ಹಾಕಿದ ಬಾಟಲಿ

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಅಣ್ಣ ಎಷ್ಟು ದಿನ ಇದ್ದ ಎಂದು ಕೇಳಿದರೆ ಹನ್ನೊಂದು ಎನ್ನುತ್ತೇನೆ. ಒಂಬತ್ತೂ ಇರಬಹುದು. ಪುಣೆಯಲ್ಲಿ ವಿಜ್ಞಾನ ಓದಿ ಆಗಷ್ಟೇ ಮರಳಿದ್ದ ನನಗೆ ಅಳತೆಗೆ ಸಿಗದ ಮಾತಿನ ಮೇಲೆ ನಂಬಿಕೆ ಇರಲಿಲ್ಲ. ಅಣ್ಣನ ಮೂತ್ರ ಹಿಡಿಯುವ ಬಾಟಲಿಗೆ ಕಾಗದದ ಪಟ್ಟಿ ಅಂಟಿಸಿ, ಗೆರೆ ಎಳೆದು, ದಿನವೂ ನೋಡುತ್ತಿದ್ದೆ.

ಅದಕ್ಕೊಂದು ಕಾರಣವಿತ್ತು. ಹಿಂದೊಮ್ಮೆ ತಂಗಿಗೆ ಕಾಲರಾ ಆದಾಗ ಮೂರು ದಿನ ಮೂತ್ರವೇ ಬಂದಿರಲಿಲ್ಲ. ನಾಲ್ಕನೆಯ ದಿನ ಬಂತು, ಅವಳು ಬದುಕಿದಳು. ಮೂತ್ರ ಬಂದರೆ ಭಯವಿಲ್ಲ ಎಂದು ಆ ಒಂದೇ ಉದಾಹರಣೆಯಿಂದ ತೀರ್ಮಾನಿಸಿಬಿಟ್ಟಿದ್ದೆ.

ಅಣ್ಣ ಧಾರವಾಡದಲ್ಲಿ ಸಾಲಿ ಮಾಸ್ತರ. ಕೆಲವು ವರ್ಷಗಳಿಂದ ಬಿಳಿಚಿಕೊಂಡಿದ್ದ, ತಲೆನೋವು ಎನ್ನುತ್ತಿದ್ದ. ಈಗ ಉಂಡದ್ದೆಲ್ಲ ವಾಂತಿ, ಮೈತುಂಬ ತುರಿಕೆ. ಅವನ ಹೆಂಡತಿ, ನನ್ನ ವೈನಿ, ಹೆರಿಗೆಗೆ ಗದಗಿನ ತವರಿಗೆ ಹೋಗಿದ್ದರು. ಮಗು ಹುಟ್ಟಿ ಎರಡು ವಾರವೂ ಆಗಿರಲಿಲ್ಲ.

"ತಮ್ಮಾ, ಗದಗಕ್ಕ ತಂತಿ ಕೊಡು. ಒಮ್ಮಿ ಬಂದು ಹೋಗಲಿ," ಎಂದ ಅಣ್ಣ.

"ಹಸಿ ಬಾಣಂತೀನ ರೈಲಿನ್ಯಾಗ ಕರಸೂದು ಬ್ಯಾಡ ಅಣ್ಣಾ. ಬಾಟ್ಲಿ ನೋಡು, ನಿನ್ನೆಗಿಂತ ಎರಡು ಗೆರಿ ಮ್ಯಾಲ ಐತಿ."

"ಬಾಟ್ಲಿ ಛಲೋ ಐತಿ ಬಿಡಪಾ. ನಾ ಹೆಂಗದೇನಿ ಅಂತ ಅದನ್ನ ಕೇಳಿದೇನು?"

ನಾನು ನಕ್ಕೆ.

ನರ್ಸಬಾಯಿ ಪಡಸಾಲೆಯಲ್ಲಿ, ಕೆಲಸ ಕಲಿಯಲು ಬಂದ ಇಬ್ಬರು ಹುಡುಗಿಯರಿಗೆ ಹೇಳುತ್ತಿದ್ದರು: "ಬಾಟ್ಲಿ ತುಂಬೇತಿ ಅಂತ ಮರುಳಾಗಬ್ಯಾಡ್ರಿ. ಬಣ್ಣ ನೋಡ್ರಿ, ಬಾವಿ ನೀರು ಇದ್ದಂಗ ಐತಿ. ನೀರು ಹೊರಗ ಹೊಂಟೈತಿ, ವಿಷ ಒಳಗ ಉಳದೈತಿ. ಕಾಲರಾದಾಗ ಒಮ್ಮಿಗೆ ನಿಂತ ಮೂತ್ರಪಿಂಡ ತಿರುಗಿ ಚಾಲೂ ಆಗಬಹುದು. ಇವರವು ವರ್ಷಗಟ್ಟಲೆ ಸವದಾವು. ಇನ್ನ ಸುಧಾರಸೂದಿಲ್ಲ."

ಈ ಮಾತು ನನ್ನ ಕಿವಿಗೆ ಬಿದ್ದದ್ದು ಯಾವಾಗ? ಒಂದು ನೆನಪಿನಲ್ಲಿ ತುಂಬಿದ ಬಾಟಲಿ ನನ್ನ ಕೈಯಲ್ಲಿದೆ. ಇನ್ನೊಂದರಲ್ಲಿ ಅದನ್ನು ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ್ದಾರೆ, ಅಣ್ಣನಿಗೆ ಆಗಲೇ ಎಚ್ಚರ ತಪ್ಪಿದೆ. ಮೊದಲನೆಯದು ಖರೆಯಾದರೆ, ತಿಳಿದೂ ನಾನು ತಂತಿ ತಡೆದೆ. ಎರಡನೆಯದನ್ನು ನಾನೇ ಆಮೇಲೆ ಕಟ್ಟಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಎಚ್ಚರ ತಪ್ಪಿದ ಮೇಲೆ ತಂತಿ ಕೊಟ್ಟೆ. ಮರುದಿನ ವೈನಿ ಕೂಸನ್ನೆತ್ತಿಕೊಂಡು ಬಂದು ಮಂಚದ ಬದಿಗೆ ನಿಂತು ಕರೆದರು. ಅಣ್ಣ ಕಣ್ಣು ತೆರೆಯಲಿಲ್ಲ. ಸಂಜೆಗೆ ತೀರಿಕೊಂಡ.

"ಅವರು ನನ್ನ ಕೇಳಿದ್ರೇನು?" ಎಂದರು ವೈನಿ.

"ಇಲ್ಲ ವೈನಿ. ಲಗೂನ ಎಚ್ಚರ ತಪ್ಪಿತು."

ಅವರು ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಒಮ್ಮಿನೂ ಕೇಳಲಿಲ್ಲ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ವೈನಿ ಧಾರವಾಡದಲ್ಲಿದ್ದಾರೆ. ಈಗಲೂ ಹೋಗುತ್ತೇನೆ. ಅಣ್ಣ ನಿಮ್ಮನ್ನು ಕೇಳಿದ್ದ ಎಂದು ಹೇಳಬೇಕೆಂದೇ ಹೋಗುತ್ತೇನೆ. ಅವರು ಚಹಾ ಕೊಡುತ್ತಾರೆ, ಕುಡಿದು ಹುಬ್ಬಳ್ಳಿಗೆ ಮರಳುತ್ತೇನೆ.